ಆಮೆ ಇದ್ದರೂ ಗಿಡ ಉಳಿಯಿತು: ನನ್ನ ಪಾಲುಡೇರಿಯಂ ಅನುಭವ

"ಆಮೆ ಬಿಟ್ಟ ಕಡೆ ಗಿಡ ಹಾಕೋದು ಸುಮ್ನೆ ದುಡ್ಡು ದಂಡ" ಅಂತ ನನಗೆ ಹೇಳದವರೇ ಇಲ್ಲ. ಈಗ ನನ್ನ ಪಾಲುಡೇರಿಯಂಗೆ, ಅಂದ್ರೆ ನೀರು, ನೆಲ ಎರಡೂ ಇರುವ ಗಾಜಿನ ಟ್ಯಾಂಕಿಗೆ, ಹೆಚ್ಚುಕಡಿಮೆ ಎರಡು ವರ್ಷ. ಒಳಗೆ ಒಂದು ಹೆಣ್ಣು ಮಸ್ಕ್ ಆಮೆ (ಚಿಕ್ಕ ಜಾತಿಯ ನೀರಾಮೆ) ಇದೆ. ನೆಲದ ಮೇಲೆ ಜರೀಗಿಡ, ನೀರಲ್ಲಿ ಅನೂಬಿಯಸ್ ಅನ್ನೋ ಗಿಡ ತುಂಬಿಕೊಂಡಿವೆ. ಈಗ ಧೈರ್ಯವಾಗಿ ಬರೆಯಬಹುದು.

ಟ್ಯಾಂಕ್ ಸುಮಾರು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಮೂರರಲ್ಲಿ ಎರಡು ಪಾಲು ನೀರು, ಉಳಿದದ್ದು ನೆಲ. ನೀರು ಒಂಬತ್ತು-ಹತ್ತು ಇಂಚು ಆಳ, ಅಂದ್ರೆ 120 ಲೀಟರ್ ಆಸುಪಾಸು. ನೀರೊಂದೇ ಅಷ್ಟು ಕೆಜಿ ತೂಗುತ್ತದೆ, ಸ್ಟ್ಯಾಂಡ್ ಮಾಡಿಸುವಾಗ ನೆನಪಿರಲಿ.

ಮೊದಲು ಎಲ್ಲರ ಹಾಗೆ ಫೋಮ್‌ನಲ್ಲೇ ದಡ ಕಟ್ಟಿದ್ದೆ. ನೋಡೋಕೆ ಬಹಳ ಚೆನ್ನಾಗಿತ್ತು. ನೀರು ತುಂಬಿಸಿದ ಕೆಲವೇ ದಿನಕ್ಕೆ ಇಡೀ ದಡ ಗಾಜಿನಿಂದ ಕಿತ್ತುಕೊಂಡು ತೇಲಿತು. ಫೋಮ್ ಒಳಗೆಲ್ಲಾ ಗಾಳಿಯೇ ಅಲ್ವಾ, ನೀರು ಅದನ್ನ ಹಗಲೂ ರಾತ್ರಿ ಮೇಲಕ್ಕೆ ತಳ್ಳುತ್ತಿರುತ್ತದೆ. ಅದೂ ಅಲ್ಲದೆ ಆಮೆ ಉಗುರಿಗೆ ಸಿಕ್ಕ ಫೋಮ್ ಚೂರುಚೂರಾಗುತ್ತದೆ, ಆ ಚೂರು ನುಂಗಿದರೆ ಅಪಾಯ. ಹಾಕಿದ ಸಾಮಾನೆಲ್ಲಾ ಕಸಕ್ಕೆ ಹೋಯಿತು.

ಆಮೇಲೆ ಗಾಜಿನ ಅಡ್ಡಗೋಡೆ ಹಾಕಿದೆ. ಬೂಷ್ಟು ತಡೆಯುವ ಮದ್ದು ಸೇರಿಸದ ಸಿಲಿಕೋನ್ ಅಂಟಲ್ಲಿ ಕೂರಿಸಿ, ವಿನೆಗರ್ ವಾಸನೆ ಪೂರ್ತಿ ಹೋಗುವ ತನಕ ಒಣಗಲು ಬಿಟ್ಟೆ. ನೆಲದ ಕಡೆ ಕೆಳಗೆ ನೀರು ಬಸಿಯಲು ಸುಟ್ಟ ಮಣ್ಣಿನ ಉಂಡೆ, ಮೇಲೆ ಜಾಲರಿ, ಅದರ ಮೇಲೆ ಮಣ್ಣು. ಆದರೂ ಒಂದೆರಡು ತಿಂಗಳಲ್ಲಿ ಮಣ್ಣು ಕೆಸರಾಗಿ ಕೊಳೆತ ವಾಸನೆ ಶುರು. ಜರೀಗಿಡದ ಬುಡ ಕಪ್ಪಾಯಿತು. ನೋಡಿದವರೆಲ್ಲಾ ಗೋಡೆ ಸೋರುತ್ತಿದೆ ಅಂದರು. ಸೋರುತ್ತಿರಲಿಲ್ಲ! ಗಾಜಿನ ತುದಿ ಕಾಣದಿರಲಿ ಅಂತ ಹಾಸಿದ್ದ ಪಾಚಿಯ (ಮಾಸ್) ಒಂದು ಅಂಚು ನೀರಲ್ಲಿತ್ತು, ಇನ್ನೊಂದು ಮಣ್ಣಲ್ಲಿ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದು ನೀರು ಎಳೆದು ಎಳೆದು ಆ ಕಡೆ ಸುರಿಯುತ್ತಿತ್ತು. ಪಾಚಿ ತೆಗೆದೆ, ತಳದ ನೀರು ಏರುವುದು ನಿಂತಿತು. ಈಗ ಗೋಡೆಯ ಮೇಲಿನ ಎರಡು ಇಂಚಿಗೆ ನಾರು, ಪಾಚಿ ಯಾವುದೂ ಇಲ್ಲ, ಸಿಲಿಕೋನ್‌ನಲ್ಲಿ ಕೂರಿಸಿದ ಬೆಣಚುಕಲ್ಲು ಮಾತ್ರ. ಮೂಲೆಯಲ್ಲಿ ಒಂದು ಪಿವಿಸಿ ಪೈಪ್ ತಳದವರೆಗೆ ಇಳಿಸಿದ್ದೇನೆ. ಹೆಚ್ಚಾದ ನೀರನ್ನ ಅದರಿಂದ ಎಳೆದು ತೆಗೆಯುತ್ತೇನೆ. ಇಷ್ಟು ಮಾಡದೆ ಬೇರೆ ಯಾವ ಖರ್ಚು ಮಾಡಿದರೂ ಪ್ರಯೋಜನವಿಲ್ಲ.

ದುಡ್ಡಿನ ವಿಷಯ ಹೇಳಬೇಕಂದ್ರೆ, ಅರ್ಧಕ್ಕಿಂತ ಜಾಸ್ತಿ ಗಾಜು ಮತ್ತು ಟ್ಯಾಂಕ್ ಹೊರಗಿಡುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್‌ಗೇ ಹೋಯಿತು. ಫಿಲ್ಟರ್‌ನಲ್ಲಿ ಮಾತ್ರ ಉಳಿತಾಯ ಬೇಡ. ಆಮೆ ಮಾಡುವ ಗಲೀಜು ಮೀನಿನ ಲೆಕ್ಕಕ್ಕೆ ಬರಲ್ಲ. ನಿಮ್ಮ ನೀರಿಗಿಂತ ಎರಡು-ಮೂರು ಪಟ್ಟು ದೊಡ್ಡ ಟ್ಯಾಂಕ್‌ಗೆ ಹೇಳಿದ್ದನ್ನೇ ತನ್ನಿ. ಗಿಡಕ್ಕೆ ಆದ ಖರ್ಚು ಬಹಳ ಕಡಿಮೆ.

ಮೆತ್ತನೆ ಗಿಡಗಳನ್ನ ಆಮೆ ವಾರದೊಳಗೆ ಕಿತ್ತು ಹಾಕಿತ್ತು. ಅನೂಬಿಯಸ್, ಜಾವಾ ಫರ್ನ್ ಎಲೆ ಗಡುಸು. ಒಂದೆರಡು ಸಲ ಕಚ್ಚಿ ನೋಡಿತು, ಬಿಟ್ಟಿತು. ಎರಡನ್ನೂ ಮರದ ತುಂಡಿಗೆ ಕಟ್ಟಿದ್ದೇನೆ, ಕಾಂಡ ಹೂತರೆ ಕೊಳೆಯುತ್ತದೆ. ಮನಿ ಪ್ಲಾಂಟ್ ಬೇರನ್ನ ಆಮೆಗೆ ಸಿಗದ ಹಾಗೆ ಜಾಲರಿ ಹಿಂದಿನ ನೀರಿಗೆ ಬಿಟ್ಟು, ಬಳ್ಳಿಯನ್ನ ಟ್ಯಾಂಕ್‌ನಿಂದ ಹೊರಗೆ ಹಬ್ಬಿಸಿದೆ. ಗಲೀಜಿನಿಂದ ನೀರಲ್ಲಿ ಸೇರುವ ನೈಟ್ರೇಟನ್ನ ಬೇರು ಹೀರುತ್ತದೆ. ಎಲೆಯಲ್ಲಿ ಬಾಯಿ ಉರಿಸುವ ಕ್ಯಾಲ್ಸಿಯಂ ಆಕ್ಸಲೇಟ್ ಇರುವುದರಿಂದ ಆಮೆ ಬಾಯಿಗೆ ಸಿಗಬಾರದು.

ನನಗೆ ಹೆಮ್ಮೆ ಇರುವುದು ಆಮೆ ದೀಪದಡಿ ಬಿಸಿಲು ಕಾಯುವ ಜಾಗದ ಬಗ್ಗೆ. ಎಲ್ಲರೂ ಅದನ್ನ ನೆಲದ ಮೇಲೆ ಇಡುತ್ತಾರೆ, ಗಿಡ ಸುಟ್ಟುಹೋಗುತ್ತದೆ. ನಾನು ನೀರಿನ ನಡುವೆ ಎದ್ದ ಓರೆ ಕೊರಡಿನ ಮೇಲೆ ದೀಪ ತಂದೆ. ಅಲ್ಲಿ 32 ಡಿಗ್ರಿ ಆಸುಪಾಸು, ಜರೀಗಿಡ ಇರುವ ಕಡೆ ತಂಪು. ಆಮೆಗೆ ಬಿಸಿಲಿನ ಬದಲು ಕೊಡುವ ಯುವಿಬಿ (ನೇರಳಾತೀತ ಬೆಳಕು) ಟ್ಯೂಬ್ ಕೆಳಗೆ ಗಾಜಿನ ಮುಚ್ಚಳ ಬೇಡ, ಗಾಜು ಯುವಿಬಿಯನ್ನ ತಡೆದುಬಿಡುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮಂಜು ಬರಿಸುವ ಯಂತ್ರದ ಬಿಲ್ಲೆಗೆ ಗಡಸು ನೀರಿನ ಬಿಳಿ ಪದರ ಕಟ್ಟಿ ಅದು ಬೇಗ ನಿಂತುಹೋಯಿತು. ನೀರಲ್ಲಿ ಕಟ್ಟುವ ಲೋಳೆ ಪಾಚಿ (ಆಲ್ಗೆ) ತಿನ್ನಲಿ ಅಂತ ಬಿಟ್ಟ ಬಸವನಹುಳುಗಳನ್ನ ಆಮೆ ಒಂದೊಂದಾಗಿ ಮುಗಿಸಿತು. ಈಗ ಅವನ್ನ ಬೇರೆ ಡಬ್ಬಿಯಲ್ಲಿ ಆಮೆಯ ಊಟಕ್ಕೆಂದೇ ಬೆಳೆಸುತ್ತೇನೆ. ಹಿಂದಿನ ಗೋಡೆಗೆ ಮಾಸ್ ಪಾಚಿ ಹಿಡಿಸಿದ ಮಿಶ್ರಣದ ಅಳತೆ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇನ್ನೊಂದು ಟ್ಯಾಂಕ್‌ನಲ್ಲೂ ಹಿಡಿದರೆ ಹೇಳುತ್ತೇನೆ.

ಹೆಣ್ಣು ಆಮೆ ಇದ್ದರೆ ನೆಲದ ಒಂದು ಮೂಲೆಯಲ್ಲಿ ಗಿಡ ನೆಡಬೇಡಿ. ಗಂಡಿಲ್ಲದಿದ್ದರೂ ಮೊಟ್ಟೆ ಇಡಬಹುದು, ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಉಳಿದು ಜೀವಕ್ಕೆ ಕುತ್ತು. ಹತ್ತಲು ಒರಟು ಇಳಿಜಾರು, ಮೇಲೆ ಆರೇಳು ಇಂಚು ಮರಳು ಬೆರೆತ ತೇವದ ಮಣ್ಣು ಕೊಟ್ಟಿದ್ದೇನೆ. ಮುಂದಿನ ಟ್ಯಾಂಕ್‌ನಲ್ಲಿ ಆ ಮೂಲೆಗೆ ಇನ್ನೂ ಅರ್ಧ ಅಡಿ ಜಾಸ್ತಿ ಬಿಡುತ್ತೇನೆ.