ಇಂಕ್ ವಾಶ್‌ನಲ್ಲಿ ಫಿಲಡೆಲ್ಫಿಯಾ ಅಥೀನಿಯಂ: ನನ್ನ ಅನುಭವ

ಫಿಲಡೆಲ್ಫಿಯಾದ ಅಥೀನಿಯಂ ಕಟ್ಟಡವನ್ನು ಇಂಕ್ ವಾಶ್‌ನಲ್ಲಿ, ಅಂದರೆ ನೀರು ಬೆರೆಸಿದ ಮಸಿಯ ತೆಳು ಪದರಗಳಲ್ಲಿ, ಕೈಯಿಂದಲೇ ಬರೆದೆ. ಕೊನೆಗೂ ಕಾರ್ನಿಸ್‌ನ (ಗೋಡೆಯ ತುದಿಯಲ್ಲಿ ಮುಂದೆ ಚಾಚಿದ ಅಂಚು) ನೆರಳು ಗೋಡೆ ಮೇಲೆ ನಿಜವಾಗಿ ಬಿದ್ದ ಹಾಗೆ ಕಾಣುತ್ತಿದೆ. "ಕಂಪ್ಯೂಟರ್‌ನಲ್ಲಿ ಹತ್ತು ನಿಮಿಷದ ಕೆಲಸ, ಸುಮ್ನೆ ಪೇಪರ್ ಯಾಕೆ ಹಾಳು ಮಾಡ್ತೀಯಾ" ಎಂದಿದ್ದವರೇ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ.

ಅಥೀನಿಯಂ 1814ರಲ್ಲಿ ಶುರುವಾದ ಖಾಸಗಿ ಲೈಬ್ರರಿ. ಕಟ್ಟಡದ ವಿನ್ಯಾಸಕ್ಕೆ ನಡೆದ ಸ್ಪರ್ಧೆಯಲ್ಲಿ ಗೆದ್ದವರು ಎಡಿನ್‌ಬರೋದಿಂದ ಬಂದ ವಾಸ್ತುಶಿಲ್ಪಿ ಜಾನ್ ನಾಟ್‌ಮನ್. 1845ರಿಂದ 1847ರೊಳಗೆ ಕಟ್ಟಿ ಮುಗಿಸಿದರು. ಇಟಲಿಯ ಅರಮನೆಯ ಧಾಟಿ, ಎದುರಿಗೆ ಪೂರ್ತಿ ಬ್ರೌನ್‌ಸ್ಟೋನ್ ಎಂಬ ಕಂದು ಮರಳುಗಲ್ಲು. ಸಾಲುಗಂಬಗಳಿಲ್ಲ. ಲೈನ್ ಡ್ರಾಯಿಂಗ್‌ನಲ್ಲಿ ನೋಡಿದರೆ ಸಪ್ಪೆ. ಕಾರ್ನಿಸ್ ಎಷ್ಟು ಮುಂದೆ ಬಂದಿದೆ ಎಂದು ಪ್ಲಾನ್ ಓದಲು ಬಾರದ, ಸ್ಪರ್ಧೆಯ ತೀರ್ಪು ಕೊಡುವ ಕಮಿಟಿಯವರಿಗೂ ತಿಳಿಸುವುದು 45 ಡಿಗ್ರಿ ನೆರಳು ಮಾತ್ರ; ಅಂಚು ಎಷ್ಟು ಚಾಚಿದೆಯೋ ನೆರಳೂ ಅಷ್ಟೇ ಇಳಿಯುತ್ತದೆ. ಸ್ಪರ್ಧೆಗೆ ಕಳಿಸುವಂಥ ಹಾಳೆ ಎಂದರೆ ಇದೇ ಅಲ್ವಾ? ಅದಕ್ಕೇ ಫೋಟೋಗಳನ್ನು ಇಟ್ಟುಕೊಂಡು ಅದರ ಎಲಿವೇಷನ್ (ನೇರ ಎದುರು ನೋಟದ ಚಿತ್ರ) ಮಾಡಲು ಕೂತೆ.

ಮೊದಲು ಕೈಕೊಟ್ಟದ್ದು ಪೇಪರ್. ಸಾಧಾರಣ ಡ್ರಾಯಿಂಗ್ ಪೇಪರ್ ಆದ ಕಾರ್ಟ್ರಿಡ್ಜ್ ಹಾಳೆ ಎರಡನೇ ವಾಶ್‌ಗೇ ನಾರು ಬಿಟ್ಟಿತು. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಕದ) ದಪ್ಪ ಕಾಟನ್ ಹಾಳೆಗೆ ಸುಮಾರು ಐನೂರು, ಆರುನೂರು ರೂಪಾಯಿ. ಅದನ್ನು ಬೋರ್ಡಿಗೆ ಬಿಗಿದರೆ ಮಳೆಗಾಲದ ತೇವಕ್ಕೆ ಗಮ್ ಟೇಪ್ ಒಂದು ಮೂಲೆಯಲ್ಲಿ ಎದ್ದಿತು. ಹಾಳೆ ಉಬ್ಬಿ, ಇಂಕ್ ಹೊಂಡದ ನೀರಿನ ಹಾಗೆ ಒಂದೇ ಕಡೆ ನಿಂತಿತು. ಎರಡು ವಾರದ ಕೆಲಸ ಹೋಯಿತು.

ಬಾಟಲಿಯ ವಾಟರ್‌ಪ್ರೂಫ್ ಇಂಕ್ ಇದಕ್ಕೆ ಬೇಡವೇ ಬೇಡ. ಅಂಚು ಒಣಗಿದರೆ ಮತ್ತೆ ಮೆತ್ತಗಾಗುವುದಿಲ್ಲ. ಗಟ್ಟಿ ಮಸಿಯ ಇಂಕ್ ಕಡ್ಡಿ ತರಿಸಿ ಕಲ್ಲಿನ ಮೇಲೆ ತೇದೆ. ಕಡ್ಡಿಗೇ ಸಾವಿರದ ಮೇಲಾಯಿತು. ಆದರೂ ಚಿತ್ರದ ಆಕಾಶವೆಲ್ಲ ಮರಳು ಮರಳು. ಕಾರಣ ನಮ್ಮ ಬೋರ್‌ವೆಲ್ ನೀರು. ಗಡಸು ನೀರಿಗೆ ಮಸಿಯ ಕಣಗಳು ಗಂಟು ಕಟ್ಟುತ್ತವೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದೆ, ಲೀಟರಿಗೆ ಮೂವತ್ತು ರೂಪಾಯಿಯೂ ಇಲ್ಲ. ತೇದ ಇಂಕನ್ನು ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿದೆ. ಅಲ್ಲಿಂದ ಕೆಲಸ ದಾರಿಗೆ ಬಂತು.

ನಡುವೆ ಹರಳೆಣ್ಣೆ ದೀಪದ ಕಾಡಿಗೆಗೆ ಗೋಂದು ಸೇರಿಸಿಯೂ ನೋಡಿದೆ. ಬಣ್ಣ ಬೆಚ್ಚಗಿತ್ತು, ಬ್ರೌನ್‌ಸ್ಟೋನ್‌ಗೆ ಹೇಳಿ ಮಾಡಿಸಿದ ಹಾಗೆ. ಆದರೆ ದೊಡ್ಡ ಗೋಡೆಗೆ ಹಚ್ಚಿದರೆ ಪಟ್ಟೆ ಪಟ್ಟೆ. ಕಿಟಕಿ ಒಳಗಿನ ಕತ್ತಲಿಗೆ ಮಾತ್ರ ಉಳಿಸಿಕೊಂಡೆ.

ನೆರಳನ್ನು ಒಂದೇ ಸಲ ಕಪ್ಪಾಗಿ ಹಾಕಬೇಡಿ. ನನ್ನ ಕಾರ್ನಿಸ್‌ನಲ್ಲಿ ಎಂಟೋ ಒಂಬತ್ತೋ ತೆಳು ಪದರಗಳಿವೆ. ಕೆಳಗಿನಿಂದ ಪುಟಿದ ಬೆಳಕಿಗೆ ನೆರಳಿನ ಕೆಳಗಡೆ ಒಂಚೂರು ತಿಳಿಯಾಗಿರಬೇಕು. ಕಲ್ಲಿನ ಬಣ್ಣ ಕೊನೆಗೆ: ಬರ್ಂಟ್ ಸಿಯೆನ್ನಾ, ಚಿಟಿಕೆ ಇಂಡಿಯನ್ ರೆಡ್. ವಾಶ್ ಬೇಗ ಒಣಗದಿರಲು ನೀರಿಗೆ ನಾನು ಒಂದು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಹಾಳಾದದ್ದೂ ಸೇರಿ ಖರ್ಚು ಆರೇಳು ಸಾವಿರ. ಅದರಲ್ಲಿ ಎರಡು ಸಾವಿರ ಒಂದು ಒಳ್ಳೆ ಬ್ರಷ್‌ಗೇ ಹೋಯಿತು, ಅದು ಬೇಕೇ ಬೇಕು. ಈಗ ಒಳಗಿನ ಸೆಕ್ಷನ್ (ಕಟ್ಟಡವನ್ನು ಸೀಳಿದ ಹಾಗೆ ಒಳಭಾಗ ತೋರಿಸುವ ಚಿತ್ರ) ಶುರು ಮಾಡಿದ್ದೇನೆ.