ಗ್ರಾಫಿಕ್ ನಾವೆಲ್ ಮತ್ತು ಫ್ಯಾಂಟಸಿ: ಈ ಮಳೆಗಾಲಕ್ಕೆ ಓದು ಶುರು ಮಾಡುವವರಿಗೆ

ಗ್ರಾಫಿಕ್ ನಾವೆಲ್, ಅಂದರೆ ಸಾಲು ಸಾಲು ಚಿತ್ರಗಳಲ್ಲಿ ಹೇಳಿದ ಕಾದಂಬರಿ, ಓದಿ ಮುಗಿಸಲು ಒಂದು ಗಂಟೆ ಸಾಕು ಎಂದು ಹೇಳುವವರು ಅದರಲ್ಲಿರುವ ಮಾತುಗಳನ್ನು ಮಾತ್ರ ಓದಿರುತ್ತಾರೆ. ಫ್ಯಾಂಟಸಿ, ಅಂದರೆ ಮಾಯಾಲೋಕದ ಕಾದಂಬರಿಯನ್ನು ಐವತ್ತನೇ ಪುಟಕ್ಕೇ ಕೈಬಿಟ್ಟವರು ಅದರಲ್ಲಿರುವ ಎಲ್ಲ ಊರು, ಎಲ್ಲ ರಾಜರ ಹೆಸರನ್ನೂ ಬಾಯಿಪಾಠ ಮಾಡಲು ಹೋಗಿರುತ್ತಾರೆ. ಎರಡಕ್ಕೂ ಮದ್ದು ಒಂದೇ, ನಿಧಾನವಾಗಿ ಓದುವುದು. ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ಸುಮ್ನೆ ದಾಟಿ ಹೋಗಬೇಕು ಅನ್ನುವುದು ಗೊತ್ತಾದರೆ ಸಾಕು. ಜೂನ್ ಬಂತು ಅಂದರೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಸಂಜೆ ಆಗುವ ಮೊದಲೇ ಮನೆ ಸೇರಿಕೊಳ್ಳುತ್ತೇವೆ, ಕರೆಂಟ್ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ, ಟಿವಿ ಇಲ್ಲ, ನೆಟ್ ಇಲ್ಲ. ಇಂಥ ಓದಿಗೆ ಇದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ.

ಮೊದಲು ಯಾವುದನ್ನು ಹಿಡಿಯಬೇಕು? ನನ್ನ ಕೇಳಿದರೆ ಶಾನ್ ಟಾನ್ ಅವರ ‘ದಿ ಅರೈವಲ್’. 2006ರ ಪುಸ್ತಕ. ಇದರ ಕಥೆಯಲ್ಲಿ ಓದಬಹುದಾದ ಒಂದು ಪದವೂ ಇಲ್ಲ, ಹಾಗಾಗಿ ಇಂಗ್ಲಿಷ್ ಬರುತ್ತದೋ ಇಲ್ಲವೋ ಅನ್ನುವ ಚಿಂತೆ ಬೇಡ. ಅಜ್ಜಿಯೂ ಓದಬಹುದು, ಏಳನೇ ಕ್ಲಾಸಿನ ಹುಡುಗನೂ ಓದಬಹುದು. ಹೆಂಡತಿ ಮಗಳನ್ನು ಊರಲ್ಲೇ ಬಿಟ್ಟು ಒಬ್ಬ ದೂರದ ಪಟ್ಟಣಕ್ಕೆ ದುಡಿಯಲು ಹೋಗುತ್ತಾನೆ. ಅಲ್ಲಿನ ಬೋರ್ಡುಗಳು ಯಾವುದೋ ವಿಚಿತ್ರ ಲಿಪಿಯಲ್ಲಿವೆ, ಲೇಖಕರೇ ಹುಟ್ಟಿಸಿದ ಲಿಪಿ. ತಿನ್ನುವ ಹಣ್ಣು ಗೊತ್ತಿಲ್ಲ, ಸಾಕುವ ಪ್ರಾಣಿ ಗೊತ್ತಿಲ್ಲ. ಅವನಿಗೆ ಎಷ್ಟು ಅರ್ಥವಾಗುತ್ತದೋ ನಮಗೂ ಅಷ್ಟೇ ಅರ್ಥವಾಗುತ್ತದೆ. ಬೇರೆ ಊರಿಗೆ ಹೋದವನ ದಿಗಿಲನ್ನು ನೂರು ಪುಟ ವಿವರಿಸಿದರೂ ಇಷ್ಟು ಮನಸ್ಸಿಗೆ ತಟ್ಟುವುದಿಲ್ಲ. ಹಡಗಿನ ಪ್ರಯಾಣ ಬರುವಲ್ಲಿ ಪುಟದ ತುಂಬ ಪುಟ್ಟ ಪುಟ್ಟ ಮೋಡದ ಚಿತ್ರಗಳಿವೆ. ಅವಸರದಲ್ಲಿ ತಿರುಗಿಸಿಬಿಡಬೇಡಿ. ಒಂದೊಂದು ಮೋಡವನ್ನೂ ನೋಡುತ್ತಾ ಹೋದರೆ ಸಮುದ್ರದ ಮೇಲೆ ದಿನ ಕಳೆಯುವುದು ಎಷ್ಟು ಉದ್ದ ಅಂತ ನಿಮ್ಮ ಕಣ್ಣಿಗೇ ತಿಳಿಯುತ್ತದೆ.

ಇದೇ ಅಭ್ಯಾಸವನ್ನು ಮಾತಿರುವ ಪುಸ್ತಕಕ್ಕೂ ತನ್ನಿ. ಪುಟ ತೆರೆದ ತಕ್ಷಣ ಪಾತ್ರಗಳ ಮಾತು ಬರೆದಿರುವ ಗುಳ್ಳೆಗಳ ಕಡೆ ಕಣ್ಣು ಓಡುತ್ತದೆ, ಎಲ್ಲರಿಗೂ ಹಾಗೇ ಆಗುತ್ತದೆ. ತಡೆಯಿರಿ. ಮೊದಲು ಇಡೀ ಪುಟ ನೋಡಿ: ಎಲ್ಲಿ ಕಪ್ಪು ಜಾಸ್ತಿ, ಯಾವ ಚಿತ್ರದ ಚೌಕ ದೊಡ್ಡದು, ಯಾರ ಮುಖ ಕಾಣಿಸುತ್ತಿಲ್ಲ. ಆಮೇಲೆ ಮಾತು ಓದಿ. ಓದಿದ ಮೇಲೆ ಇನ್ನೊಮ್ಮೆ ಚಿತ್ರ. ಎರಡು ಚೌಕಗಳ ನಡುವೆ ಒಂದು ಬಿಳಿ ಸಂದಿ ಇರುತ್ತದಲ್ಲ, ಕಥೆ ಬಹಳ ಸಲ ನಡೆಯುವುದು ಅಲ್ಲೇ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಮುಚ್ಚಿದ ಬಾಗಿಲು. ಹೊಡೆದನಾ, ಹೋದನಾ, ನಡುವೆ ಎಷ್ಟು ಹೊತ್ತಾಯಿತು? ಅದನ್ನು ತುಂಬಿಸುವುದು ನಾವು. ತುಂಬಿಸದೆ ಓಡಿದರೆ ಪುಸ್ತಕ ಸಪ್ಪೆ ಅನ್ನಿಸುತ್ತದೆ.

‘ಮೌಸ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆರ್ಟ್ ಸ್ಪೀಗಲ್‌ಮನ್ ತನ್ನ ಅಪ್ಪನನ್ನು ಕೂರಿಸಿಕೊಂಡು, ನಾಜಿಗಳ ಕಾಲದಲ್ಲಿ ಅವರು ಹೇಗೆ ಬದುಕಿ ಉಳಿದರು ಎಂದು ಕೇಳಿ ಕೇಳಿ ಬರೆದದ್ದು. ಯಹೂದಿಗಳು ಇಲಿ, ಜರ್ಮನ್ನರು ಬೆಕ್ಕು, ಪೋಲೆಂಡಿನವರು ಹಂದಿ. 1992ರಲ್ಲಿ ಅಮೆರಿಕದ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಬಂತು. “ಎಂತ ಇದು, ಇಷ್ಟು ದೊಡ್ಡವರಾದ ಮೇಲೂ ಚಿತ್ರದ ಪುಸ್ತಕ?” ಎಂದು ಮನೆಯ ಹಿರಿಯರು ಕೇಳಿದರೆ ಇದರ ಮಧ್ಯದ ಹತ್ತು ಪುಟ ಅವರ ಕೈಗೆ ಕೊಡಿ. ಓದುವಾಗ ಮುಖವಾಡಗಳನ್ನು ಗಮನಿಸಿ. ಯಹೂದಿಯೊಬ್ಬ ಪೋಲೆಂಡಿನವನಂತೆ ನಟಿಸಿ ತಪ್ಪಿಸಿಕೊಳ್ಳುವಾಗ ಇಲಿಯ ಮುಖಕ್ಕೆ ಹಂದಿಯ ಮುಖವಾಡ ಕಟ್ಟಿರುತ್ತದೆ, ಅದರ ದಾರವೂ ಕಾಣುತ್ತದೆ. ಯಾರ ಪ್ರಾಣ ಯಾವ ಹೊತ್ತಿಗೆ ಆ ದಾರದ ಮೇಲೆ ನಿಂತಿದೆ ಅನ್ನುವುದನ್ನು ಯಾವ ಗುಳ್ಳೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೊಂದು ವಿಷಯ, ಈ ಪುಸ್ತಕದ ಅಪ್ಪ ಒಳ್ಳೆಯವನಂತೆ ಮಾತ್ರ ಕಾಣುವುದಿಲ್ಲ. ಜಿಪುಣ, ಮಗನ ಮೇಲೆ ರೇಗುತ್ತಾನೆ. ಅಷ್ಟು ಕಷ್ಟ ಪಟ್ಟವನು ದೇವರಂತೆ ಇರಬೇಕು ಅಂತ ನಾವು ಬಯಸುತ್ತೇವೆ. ಮಗ ಅದಕ್ಕೆ ಒಪ್ಪುವುದಿಲ್ಲ. ಆ ಧೈರ್ಯಕ್ಕೇ ನನಗೆ ಈ ಪುಸ್ತಕ ಇಷ್ಟು ಇಷ್ಟ.

ನಮ್ಮ ದೇಶದ್ದೇ ಬೇಕು ಅಂದರೆ ‘ಭೀಮಾಯನ’. 2011ರಲ್ಲಿ ಬಂದದ್ದು, ಅಂಬೇಡ್ಕರ್ ಬದುಕಿನ ಘಟನೆಗಳು. ಚಿತ್ರ ಬರೆದವರು ಗೊಂಡ ಆದಿವಾಸಿ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಇದರಲ್ಲಿ ಮಾಮೂಲಿ ಚೌಕಗಳೇ ಇಲ್ಲ. ಪುಟ ಎಲ್ಲಿಂದ ಓದಬೇಕು ಅಂತ ಮೊದಲು ಗೊಂದಲ ಆಗುತ್ತದೆ, ಆದರೆ ಬಣ್ಣದ ಪಟ್ಟಿಗಳೇ ಕಣ್ಣನ್ನು ನಡೆಸುತ್ತವೆ, ಅವುಗಳ ಹಿಂದೆ ಹೋಗಿ. ಮಾತಿನ ಗುಳ್ಳೆಗಳ ಆಕಾರ ನೋಡಿ: ಮೃದುವಾದ ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ನೀರು ಕೇಳಿದ ಹುಡುಗ ಅಂಬೇಡ್ಕರ್‌ಗೆ ಸಿಕ್ಕ ಉತ್ತರದ ತುದಿಯಲ್ಲಿ ಆ ಕೊಂಡಿ ಕಂಡಾಗ ಓದು ಅಲ್ಲೇ ನಿಂತುಬಿಡುತ್ತದೆ. ಇದನ್ನು ಮನೆಯವರ ಜೊತೆ ಕೂತು, ಕನ್ನಡದಲ್ಲಿ ಹೇಳುತ್ತಾ, ಚಿತ್ರ ತೋರಿಸುತ್ತಾ ಓದುವುದು ಇನ್ನೂ ಚೆನ್ನ.

ಇಂಗ್ಲಿಷ್ ಕಷ್ಟ ಅನ್ನುವವರಿಗೆ ‘ಪರ್ಸೆಪೊಲಿಸ್’ ಒಳ್ಳೆಯದು. ಮರ್ಜಾನೆ ಸತ್ರಪಿ ಫ್ರೆಂಚ್‌ನಲ್ಲಿ ಬರೆದದ್ದು, ಇಂಗ್ಲಿಷ್ ಅನುವಾದ ಸರಳವಾಗಿದೆ, ವಾಕ್ಯಗಳು ಚಿಕ್ಕವು. ಇರಾನಿನ ಕ್ರಾಂತಿಯನ್ನು ಒಬ್ಬ ಪುಟ್ಟ ಹುಡುಗಿಯ ಕಣ್ಣಲ್ಲಿ ನೋಡುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಡಿಕ್ಷನರಿ ಪಕ್ಕಕ್ಕಿಟ್ಟು ಧೈರ್ಯವಾಗಿ ಶುರು ಮಾಡಬಹುದು, ಅರ್ಧ ಅರ್ಥ ಚಿತ್ರದಲ್ಲೇ ಸಿಗುತ್ತದೆ. ಅಲನ್ ಮೂರ್ ಬರೆದು ಡೇವ್ ಗಿಬನ್ಸ್ ಚಿತ್ರಿಸಿದ ‘ವಾಚ್‌ಮೆನ್’ ಮಾತ್ರ ಮೊದಲಿಗೆ ಬೇಡ. ಅದು ಹಳೆಯ ಸೂಪರ್‌ಹೀರೋ ಕಥೆಗಳ ಜೊತೆ ವಾದಕ್ಕೆ ಇಳಿದ ಪುಸ್ತಕ, ಆ ಕಥೆಗಳ ಪರಿಚಯ ಇಲ್ಲದಿದ್ದರೆ ವಾದದ ರುಚಿ ಸಿಗುವುದಿಲ್ಲ. ಜಪಾನಿನ ಚಿತ್ರಕಥೆ ಮಾಂಗಾ ಆದರೆ ಬಲದಿಂದ ಎಡಕ್ಕೆ ಓದಬೇಕು, ಪುಸ್ತಕವನ್ನು ನಮ್ಮ ಲೆಕ್ಕದ ಕೊನೆಯ ಪುಟದಿಂದ ತೆರೆಯಬೇಕು. ಒಂದು ಅಧ್ಯಾಯಕ್ಕೆ ಕಣ್ಣು ಒಗ್ಗುತ್ತದೆ.

ಈಗ ಫ್ಯಾಂಟಸಿ. ಇದು ನಮಗೆ ಹೊಸದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಚಂದಮಾಮದಲ್ಲಿ ಶಂಕರ್ ಬರೆದ ಚಿತ್ರ, ಹೆಗಲ ಮೇಲೆ ಬೇತಾಳ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮ, ಅದನ್ನು ನೋಡಿ ಬೆಳೆದವರು ನಾವು. ಅದೂ ಬೇಡ, ಕಾವೇರಿಯ ಕಥೆಯನ್ನೇ ತೆಗೆದುಕೊಳ್ಳಿ. ಅಗಸ್ತ್ಯರು ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡಿದ್ದರು. ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದು ಅನ್ನುವುದು ಅವಳ ಷರತ್ತು. ಅವರು ಬಿಟ್ಟು ಹೋದರು, ಅವಳು ಹರಿದಳು. ಬಲಮುರಿಯಲ್ಲಿ ಜನ ಅವಳನ್ನು ತಡೆಯಲು ಹೋದಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು, ಅದಕ್ಕೇ ಕೊಡವತಿಯರು ಇವತ್ತಿಗೂ ನೆರಿಗೆಯನ್ನು ಹಿಂದೆ ಇಟ್ಟು ಉಡುತ್ತಾರೆ ಅನ್ನುತ್ತದೆ ಕಥೆ. ಇಲ್ಲಿ ಅಷ್ಟು ದೊಡ್ಡ ನದಿ ಕಮಂಡಲದಲ್ಲಿ ಹೇಗೆ ಹಿಡಿಯಿತು ಅಂತ ಯಾರೂ ಕೇಳುವುದಿಲ್ಲ ಅಲ್ವಾ? ನಾವು ಕೇಳುವುದು ಎರಡೇ: ಷರತ್ತು ಏನಿತ್ತು, ಮುರಿದಾಗ ಏನಾಯಿತು. ಯಾವ ಫ್ಯಾಂಟಸಿ ಕಾದಂಬರಿ ಹಿಡಿದರೂ ಇದೇ ಎರಡು ಪ್ರಶ್ನೆ ಕೇಳುತ್ತಾ ಓದಿ, ದಾರಿ ತಪ್ಪುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಮೊದಲು ಕೊಡುವುದು ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’. 1968ರದ್ದು, ತೆಳು ಪುಸ್ತಕ. ಕಂದು ಬಣ್ಣದ ಹುಡುಗ ಗೆಡ್ ಮಂತ್ರವಿದ್ಯೆ ಕಲಿಯಲು ಹೋಗಿ, ಜಂಬಕ್ಕೆ ಬಿದ್ದು, ಕರೆಯಬಾರದ್ದನ್ನು ಕರೆಯುತ್ತಾನೆ. ಅಲ್ಲಿಂದ ಒಂದು ನೆರಳು ಅವನ ಬೆನ್ನು ಹತ್ತುತ್ತದೆ. ಆ ಲೋಕದಲ್ಲಿ ಯಾವುದರ ನಿಜವಾದ ಹೆಸರು ಗೊತ್ತೋ ಅದರ ಮೇಲೆ ಅಧಿಕಾರ ಸಿಗುತ್ತದೆ, ಆದರೆ ಪ್ರತಿ ಮಂತ್ರಕ್ಕೂ ಎಲ್ಲೋ ಒಂದು ಕಡೆ ಲೆಕ್ಕ ಚುಕ್ತಾ ಆಗಲೇಬೇಕು. ರೋಕ್ ದ್ವೀಪದಲ್ಲಿ ಮಳೆ ತರಿಸಿದರೆ ಒಸ್ಕಿಲ್‌ನಲ್ಲಿ ಬರ ಬೀಳಬಹುದು ಎಂದು ಗುರುಗಳು ಎಚ್ಚರಿಸುತ್ತಾರೆ. ಕಾಫಿ ಹೂವಿನ ಮಳೆಗೆ ಮಾರ್ಚ್‌ನಲ್ಲಿ ಆಕಾಶ ನೋಡುತ್ತಾ ಕೂರುವ ಊರಿನವರಿಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ಈ ಪುಸ್ತಕದಲ್ಲಿ ದೊಡ್ಡ ಯುದ್ಧ ಇಲ್ಲ, ಕೊನೆಯಲ್ಲಿ ಗೆಲ್ಲುವ ಸೈನ್ಯ ಇಲ್ಲ. ಯುದ್ಧ ಇಲ್ಲದೆ ಫ್ಯಾಂಟಸಿ ನಡೆಯುವುದಿಲ್ಲ ಅಂದುಕೊಂಡವರು ಓದಲೇಬೇಕು.

ಟೋಲ್ಕಿನ್ ಓದುವ ಆಸೆ ಎಲ್ಲರಿಗೂ ಇರುತ್ತದೆ. 1937ರ ‘ದಿ ಹಾಬಿಟ್’ನಿಂದಲೇ ಶುರು ಮಾಡಿ, ಅದು ಮಕ್ಕಳಿಗೆ ಹೇಳಿದ ಕಥೆ, ಓದು ಓಡುತ್ತದೆ. ಆಮೇಲೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರು ಸಂಪುಟ. ಶುರುವಿನ ಪೀಠಿಕೆ ಬೇಸರ ತಂದರೆ ದಾಟಿ ಹೋಗಿ, ಪರವಾಗಿಲ್ಲ. ಹಾಡುಗಳನ್ನೂ ಮೊದಲ ಓದಿಗೆ ಬಿಡಬಹುದು. ನಡಿಗೆಯನ್ನು ಮಾತ್ರ ಬಿಡಬೇಡಿ. ಗುಡ್ಡ ಹತ್ತಿ, ಕಾಡು ದಾಟಿ, ಚಳಿಯಲ್ಲಿ ನಡೆಯುವ ಪುಟಗಳು ಉದ್ದ ಅನ್ನಿಸುತ್ತವೆ, ಆದರೆ ಆ ಸುಸ್ತನ್ನು ನಾವೂ ಪಟ್ಟರೆ ಮಾತ್ರ ಕೊನೆಯಲ್ಲಿ ಸ್ಯಾಮ್ ತನ್ನ ಜೊತೆಗಾರ ಫ್ರೋಡೋನನ್ನು ಬೆನ್ನ ಮೇಲೆ ಹೊತ್ತುಕೊಳ್ಳುವುದು ಎದೆಗೆ ನಾಟುತ್ತದೆ. ಪುಸ್ತಕದ ನಕ್ಷೆಯನ್ನು ಒಂದು ಹಾಳೆಗೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಪದೇ ಪದೇ ಪುಟ ತಿರುಗಿಸುವ ಕೆಲಸ ತಪ್ಪುತ್ತದೆ, ಬರೆಯುವಾಗಲೇ ಯಾವ ಊರು ಯಾವ ದಿಕ್ಕಿಗೆ ಅಂತ ಮನಸ್ಸಿನಲ್ಲಿ ಕೂರುತ್ತದೆ. ಹೆಸರುಗಳ ವಿಷಯದಲ್ಲಿ ನನ್ನ ನಿಯಮ ಇಷ್ಟೇ: ಒಂದು ಹೆಸರು ಮೂರನೇ ಸಲ ಬರುವವರೆಗೆ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯವಾದವರು ಬಂದೇ ಬರುತ್ತಾರೆ.

ಮುಗಿಯದ ಸರಣಿ ಹಿಡಿಯುವ ಮೊದಲು ಯೋಚಿಸಿ. ಜಾರ್ಜ್ ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಮೊದಲ ಪುಸ್ತಕ 1996ರಲ್ಲಿ ಬಂತು, ಐದನೆಯದು 2011ರಲ್ಲಿ, ಆರನೆಯದಕ್ಕೆ ಓದುಗರು ಇನ್ನೂ ಕಾಯುತ್ತಿದ್ದಾರೆ. ಕನ್ನಡದಲ್ಲೇ ಓದಬೇಕು ಅನ್ನುವವರು ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಹಿಡಿಯಿರಿ. ಅವರು ಕಟ್ಟಿದ ಶಿವಾಪುರವನ್ನು ಯಾವ ದೇಶದ ಮಾಯಾಲೋಕದ ಪಕ್ಕದಲ್ಲಾದರೂ ಇಡಬಹುದು. ಇದನ್ನು ನಾವು ಸಾಹಿತ್ಯದ ಕಪಾಟಿನಲ್ಲಿಟ್ಟು, ಇಂಗ್ಲಿಷಿನಲ್ಲಿ ಬಂದದ್ದನ್ನು ಮಾತ್ರ ಫ್ಯಾಂಟಸಿ ಅನ್ನುತ್ತೇವೆ. ಇದು ನನಗೆ ನಿಜವಾಗಲೂ ಬೇಜಾರಿನ ವಿಷಯ.

ಇನ್ನು ನಮ್ಮ ಊರಿನ ತೊಂದರೆಗಳು. ಗ್ರಾಫಿಕ್ ನಾವೆಲ್‌ಗಳ ಬೆಲೆ ಜಾಸ್ತಿ, ಹಾಗಾಗಿ ಮೂರು ನಾಲ್ಕು ಜನ ಸೇರಿ ಒಬ್ಬೊಬ್ಬರು ಒಂದೊಂದು ಕೊಂಡು ಬದಲಾಯಿಸಿಕೊಳ್ಳುವುದೇ ಸರಿ. ಮೈಸೂರಿಗೆ ಹೋದಾಗ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ, ಬೈಂಡಿಂಗ್ ಬಿಗಿಯಾಗಿದ್ದರೆ ಪುಟದ ನಡುವಿನ ಚಿತ್ರ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ. ಮೊಬೈಲ್‌ನಲ್ಲಿ ಒಂದೊಂದೇ ಚೌಕ ದೊಡ್ಡದು ಮಾಡಿ ಓದುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಡೀ ಪುಟ ಒಟ್ಟಿಗೆ ಕಾಣದಿದ್ದರೆ ಬರೆದವರ ಅರ್ಧ ಕೆಲಸ ವ್ಯರ್ಥ. ಟ್ಯಾಬ್ ಆದರೆ ಪರವಾಗಿಲ್ಲ.

ಮಳೆಗಾಲದಲ್ಲಿ ಬೂಷ್ಟು ದೊಡ್ಡ ಶತ್ರು. ಬಣ್ಣದ ಪುಸ್ತಕಗಳ ನುಣುಪು ಕಾಗದ ಒದ್ದೆಯಾದರೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಬಿಸಿಲು ಬಿದ್ದ ದಿನ ಡಬ್ಬ ತೆರೆದು ಪುಟ ಬಿಡಿಸಿ ಗಾಳಿಗೆ ಇಡಿ, ನೇರ ಬಿಸಿಲಿಗೆ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಗೆ ಕಾಗದ ಹಳದಿಯಾಗುತ್ತದೆ.

ದಪ್ಪ ಫ್ಯಾಂಟಸಿ ಪುಸ್ತಕಗಳನ್ನು ಆಡಿಯೋದಲ್ಲಿ ಕೇಳುವುದೂ ಒಳ್ಳೆಯದೇ, ಕಷ್ಟದ ಹೆಸರುಗಳ ಉಚ್ಚಾರಣೆ ತಾನಾಗಿ ಬರುತ್ತದೆ. ಅಡುಗೆ ಮಾಡುವಾಗ, ಮೈಸೂರು ಬಸ್ಸಿನಲ್ಲಿ ಕೇಳಿ. ತೋಟದಲ್ಲಿ ನಡೆಯುವಾಗ ಮಾತ್ರ ದಯವಿಟ್ಟು ಇಯರ್‌ಫೋನ್ ಬೇಡ. ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆನೆ ಕೊಂಬೆ ಮುರಿಯುವ ಸದ್ದು ಕಿವಿಗೆ ಬೀಳಲೇಬೇಕು.

ಮಕ್ಕಳಿಗೆ ಕೊಡುವಾಗ ಚಿತ್ರ ಇದೆ ಎಂಬ ಒಂದೇ ಕಾರಣಕ್ಕೆ ಕೊಟ್ಟುಬಿಡಬೇಡಿ. ‘ಮೌಸ್’ನಲ್ಲಿ ನೇಣಿಗೆ ಹಾಕಿದ ಚಿತ್ರಗಳಿವೆ, ‘ಪರ್ಸೆಪೊಲಿಸ್’ನಲ್ಲಿ ಚಿತ್ರಹಿಂಸೆಯಿದೆ. ಹೈಸ್ಕೂಲಿಗೆ ಬಂದ ಮೇಲೆ, ದೊಡ್ಡವರು ಮೊದಲು ಓದಿ, ಆಮೇಲೆ ಕೊಡಿ. ‘ವಾಚ್‌ಮೆನ್’ ಪೂರ್ತಿ ದೊಡ್ಡವರದ್ದು. ಚಿಕ್ಕ ಮಕ್ಕಳಿಗೆ ‘ದಿ ಹಾಬಿಟ್’ ಅನ್ನು ರಾತ್ರಿಗೆ ಅರ್ಧ ಅಧ್ಯಾಯದಂತೆ ಕನ್ನಡದಲ್ಲಿ ಹೇಳುತ್ತಾ ಹೋಗಿ. ಅದರಲ್ಲಿ ಗೊಲ್ಲಮ್ ಎಂಬ ವಿಚಿತ್ರ ಜೀವಿಯ ಒಗಟುಗಳು ಬಂದಾಗ ಉತ್ತರವನ್ನು ಮಾರನೇ ರಾತ್ರಿಯವರೆಗೂ ಹೇಳಬೇಡಿ.