ಕ್ಲಬ್ ಬಿಟ್ಟು ಹೋದವನ ಹೆಸರನ್ನು ಜೆರ್ಸಿಯಿಂದ ಕಿತ್ತ ಕಥೆ: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸದಾಗಿ ಹೀಟ್ ಪ್ರೆಸ್ (ಬಿಸಿಯಿಂದ ಒತ್ತಿ ಅಕ್ಷರ ಅಂಟಿಸುವ ಮೆಷಿನ್) ತಗೊಂಡವರಿಗೆ ಬರೆದಿದ್ದಲ್ಲ. ಫುಟ್‌ಬಾಲ್ ಜೆರ್ಸಿ ಪ್ರಿಂಟಿಂಗ್ ಮಾಡುತ್ತಲೇ ಇರುವವರಿಗೆ, ಅದರಲ್ಲೂ "ಹೆಸರು ತೆಗೆಯೋಕೆ ಆಗಲ್ಲ ಗುರು, ಹೊಸದು ತಗೊಳ್ಳಿ" ಅಂತ ಗಿರಾಕಿಯನ್ನು ವಾಪಸ್ ಕಳಿಸುವವರಿಗೆ. ನಾನೂ ಬಹಳ ಕಾಲ ಹಾಗೇ ಕಳಿಸುತ್ತಿದ್ದೆ. ಈಗ ಕಳಿಸಲ್ಲ. ಸ್ಕೂಲು, ಕಾಲೇಜು ಆರ್ಡರ್ ಇಲ್ಲದ ಜೂನ್, ಜುಲೈ, ಆಗಸ್ಟ್‌ನಲ್ಲಿ ಅಂಗಡಿ ಬಾಡಿಗೆ ಹೆಚ್ಚುಕಡಿಮೆ ಈ ಕೆಲಸದಿಂದಲೇ ಹುಟ್ಟುತ್ತಿದೆ. ಅಂಗಡಿಯಲ್ಲಿ ಪಾಲುದಾರರಾದ ನಮ್ಮ ಭಾವ "ಇದೂ ಒಂದು ಬಿಸಿನೆಸ್ಸಾ?" ಅಂತ ನಗುತ್ತಿದ್ದರು. ಈಗ ಯಾರು ಯಾವ ಕ್ಲಬ್‌ಗೆ ಹೋದ ಅಂತ ನನಗಿಂತ ಮೊದಲು ನೋಡಿ ಅವರೇ ಫೋನ್ ಮಾಡುತ್ತಾರೆ.

ಈ ಗಿರಾಕಿಯ ಸಿಟ್ಟಿಗೆ ಒಂದು ಲೆಕ್ಕ ಇದೆ, ಅದು ಗೊತ್ತಿಲ್ಲದಿದ್ದರೆ ದುಡ್ಡಾಗಲ್ಲ. ಆಟಗಾರ ಎದುರಾಳಿ ಕ್ಲಬ್‌ಗೆ ಸಹಿ ಹಾಕಿದ ದಿನ ಅಂಗಡಿಗೆ ಒಬ್ಬನೂ ಬರಲ್ಲ. ಅವತ್ತು ವಾಟ್ಸಾಪ್ ಗ್ರೂಪಿನಲ್ಲಿ ಬೈಗುಳ, ಇನ್‌ಸ್ಟಾದಲ್ಲಿ ಜೆರ್ಸಿಗೆ ಬೆಂಕಿ ಇಟ್ಟ ವಿಡಿಯೋ, ಅಷ್ಟೇ. ಆದರೆ ನಿಜವಾಗಿ ಸುಡುವವರು ತುಂಬಾ ಕಡಿಮೆ. ದುಡ್ಡು ಕೊಟ್ಟು ತಗೊಂಡಿದ್ದು, ಅಲ್ವಾ? ಬಾಕಿಯವರೆಲ್ಲ ಮಡಚಿ ಬೀರುವಿನ ತಳಕ್ಕೆ ತುರುಕುತ್ತಾರೆ. ಹೊಸ ಸೀಸನ್ನಿನ ಮೊದಲ ಮ್ಯಾಚ್ ಹತ್ತಿರ ಬಂದಾಗ ಅದನ್ನು ಹಾಕಿಕೊಳ್ಳೋಕೂ ಆಗಲ್ಲ, ಬಿಸಾಡೋಕೂ ಮನಸ್ಸು ಬರಲ್ಲ. ಆಗ ಬರುತ್ತಾರೆ, ಕವರ್‌ನಲ್ಲಿ ಸುತ್ತಿಕೊಂಡು, ಸ್ವಲ್ಪ ನಾಚಿಕೊಂಡು. "ಅಣ್ಣ, ಹೆಸರು ಮಾತ್ರ ತೆಗೀತೀರಾ?" 2016ರಲ್ಲಿ ಹಿಗ್ವಾಯಿನ್ ಇಟಲಿಯ ನೇಪಲ್ಸ್ ಊರಿನ ನಾಪೊಲಿ ಕ್ಲಬ್ ಬಿಟ್ಟು 90 ಮಿಲಿಯನ್ ಯೂರೋಗೆ ಯುವೆಂಟಸ್ ಸೇರಿದನಲ್ಲ, ಒಂದೇ ಸೀಸನ್ನಿನಲ್ಲಿ 36 ಗೋಲು ಹೊಡೆದ ಮೇಲೆ. ಆಗ ನೇಪಲ್ಸ್‌ನಲ್ಲಿ ಯಾರಾದರೂ ಒಬ್ಬ ಪ್ರಿಂಟರ್ ಈ ಕೆಲಸ ಸರಿಯಾಗಿ ಕಲಿತಿದ್ದರೆ ಮನೆ ಕಟ್ಟಿಸಬಹುದಿತ್ತು.

ಸರಿ, ಮೊದಲು ಸೋಲಿನ ಪಟ್ಟಿ. ಬ್ಲೇಡ್‌ನಲ್ಲಿ ಕೆರೆದೆ, ಬಟ್ಟೆ ಹರಿಯಿತು. ಹೇರ್ ಡ್ರೈಯರ್ ಹಿಡಿದೆ, ಅಕ್ಷರ ಬಿಡಲಿಲ್ಲ, ಡ್ರೈಯರ್ ಸುಟ್ಟಿತು. ರಾತ್ರಿ ಪೂರ್ತಿ ಫ್ರೀಜರ್‌ನಲ್ಲಿಟ್ಟರೆ ವಿನೈಲ್ (ಅಕ್ಷರದ ಪ್ಲಾಸ್ಟಿಕ್ ಹಾಳೆ) ಚಕ್ಕೆ ಚಕ್ಕೆಯಾಗಿ ಏಳುತ್ತದೆ ಅಂತ ಯಾರೋ ಹೇಳಿದ್ದರು. ನಮ್ಮನೆ ಫ್ರೀಜರ್‌ನಲ್ಲಿ ಕೊತ್ತಂಬರಿ, ತೆಂಗಿನತುರಿ ಡಬ್ಬಿಯ ಮಧ್ಯೆ ಒಂದು ಚೆಲ್ಸಿ ಜೆರ್ಸಿ ಎರಡು ದಿನ ಇತ್ತು. ಅಕ್ಷರ ಹಾಗೇ ಇತ್ತು, ನನಗೆ ಮಂಗಳಾರತಿ ಆಯಿತು. ಥಿನ್ನರ್ ಹಾಕಿದೆ. ಹೆಸರು ಚೆನ್ನಾಗಿಯೇ ಬಿಟ್ಟಿತು, ಜೊತೆಗೆ ಮುಂದಿದ್ದ ಸ್ಪಾನ್ಸರ್ ಲೋಗೋನೂ ಬೆಣ್ಣೆಯ ಹಾಗೆ ಕರಗಿ ಇಳಿಯಿತು. ಅದು ಒರಿಜಿನಲ್ ಜೆರ್ಸಿ. ಗಿರಾಕಿಗೆ ಎರಡೂವರೆ ಸಾವಿರದಷ್ಟು ಕೊಟ್ಟು ಕೈಮುಗಿದೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ರಿಮೂವರ್ ಇತ್ತು, ಚಿಕ್ಕ ಬಾಟಲಿಗೆ ಎಂಟುನೂರೋ ಏನೋ. ವಾಸನೆ ನೋಡಿದರೆ ಮಾಮೂಲಿ ಅಸಿಟೋನ್ ಥರ, ಮೇಲೆ ಚಂದದ ಸ್ಟಿಕ್ಕರ್. ಮೊದಲ ವರ್ಷ ಬಟ್ಟೆ, ಕೆಮಿಕಲ್, ಪರಿಹಾರ ಎಲ್ಲ ಸೇರಿ ಹದಿನೈದು ಸಾವಿರಕ್ಕೆ ಕಡಿಮೆ ಹೋಗಿಲ್ಲ. ಹುಟ್ಟಿದ್ದು ಅದರ ಅರ್ಧ ಇರಬಹುದು.

ಕೊನೆಗೆ ದಾರಿ ತೋರಿಸಿದ್ದು ಒಂದು ಹಳೇ ಆರ್ಸೆನಲ್ ಜೆರ್ಸಿ. ವಾನ್ ಪರ್ಸಿ, ನಂಬರ್ 10. 2012ರಲ್ಲಿ 24 ಮಿಲಿಯನ್ ಪೌಂಡ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋಗಿ ಮೊದಲ ವರ್ಷವೇ ಲೀಗ್ ಗೆದ್ದುಬಿಟ್ಟ ಆಸಾಮಿ. ಈ ಗಿರಾಕಿ ಅದನ್ನು ಇಷ್ಟು ವರ್ಷ ಮುಟ್ಟದೆ ಇಟ್ಟಿದ್ದರು. 2017ಕ್ಕೂ ಹಿಂದಿನ ಪ್ರೀಮಿಯರ್ ಲೀಗ್ ಅಕ್ಷರ ಗೊತ್ತಲ್ಲ, ಕೈಯಾಡಿಸಿದರೆ ವೆಲ್ವೆಟ್ ಥರ ಇರುತ್ತದೆ, ದಪ್ಪ. ಮುಖದ ಕಡೆಯಿಂದ ಬಿಸಿ ಕೊಟ್ಟರೆ ಆ ವೆಲ್ವೆಟ್ಟೇ ಬಿಸಿ ಹೀರಿಕೊಳ್ಳುತ್ತದೆ, ಅಂಟಿಗೆ ತಲುಪಲ್ಲ. ಸುಮ್ನೆ ಜೆರ್ಸಿಯನ್ನು ಒಳಮೈ ಹೊರಗೆ ಮಾಡಿ ಹಿಂದಿನಿಂದ ಒತ್ತಿದೆ. ಬಿಸಿ ಇರುವಾಗಲೇ 'V' ಅಕ್ಷರದ ಮೂಲೆ ಹಿಡಿದು ಎಳೆದರೆ ಇಡೀ ಅಕ್ಷರ ಒಂದೇ ತುಂಡಾಗಿ ಎದ್ದು ಬಂತು, ಹಿಂದೆ ಅಂಟಿನ ಒಂದೆರಡು ಎಳೆ ಬಿಟ್ಟು. ಅವತ್ತು ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ, ಆದರೂ ಜೋರಾಗಿ ಕೂಗಿದೆ.

ಅಲ್ಲಿಂದ ಮುಂದೆ ಇದೇ ಕ್ರಮ. ಒಳಗಿನಿಂದ ಬಿಸಿ, 140 ಡಿಗ್ರಿ ಆಸುಪಾಸು, ಎಂಟು ಹತ್ತು ಸೆಕೆಂಡು, ಪ್ರೆಷರ್ ತೀರಾ ಕಡಿಮೆ. ಮುಂದಿನ ಲೋಗೋಗೆ ಬಿಸಿ ತಗಲದ ಹಾಗೆ ಒಳಗೆ ಒಂದು ಚಿಕ್ಕ ಮಣೆ, ಅದರ ಮೇಲೆ ಟೆಫ್ಲಾನ್ ಶೀಟ್. ಚಿಮಟದಲ್ಲಿ ಎಳೆಯುವುದು, ಅದೂ ಬಟ್ಟೆಯ ನೇಯ್ಗೆ ಹೋದ ಕಡೆಗೆ, ಅಡ್ಡ ಎಳೆದರೆ ಪಾಲಿಯೆಸ್ಟರ್ ಅಲೆ ಅಲೆಯಾಗುತ್ತದೆ. ಮೊದಲ ಮೂಲೆಯನ್ನು ಹೇಗೆ ಎಬ್ಬಿಸುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ, ಅದು ಅಂಗಡಿಯದ್ದು. ಉಳಿದ ಅಂಟಿಗೆ ಕೆಮಿಕಲ್, ಅದನ್ನೂ ಒಳಗಿನಿಂದಲೇ. ಅಂಟು, ಹೊರಗಡೆ ಹಾಸಿದ ಹಳೇ ಕಾಟನ್ ಪಂಚೆಗೆ ಇಳಿಯಬೇಕು, ಬಟ್ಟೆಯೊಳಗೆ ಹೋಗಬಾರದು. ಒತ್ತಬೇಕು, ಉಜ್ಜಬಾರದು. ಏನು ಕೆಮಿಕಲ್, ಏನು ಅಳತೆ ಅಂತ ಕೇಳಬೇಡಿ. ಫ್ಯಾನ್ ಹಾಕಿ, ಬಾಗಿಲು ತೆಗೆದಿಡಿ, ಬೆಂಕಿ ಹತ್ತಿರ ಬೇಡ, ಇಷ್ಟು ಹೇಳುತ್ತೇನೆ.

ಅಕ್ಷರ ಹೋಯಿತು. ಈಗ ನಿಜವಾದ ತಲೆನೋವು, ನೆರಳು. ನಿಮಗೆಲ್ಲ ಗೊತ್ತು, ನಾಲ್ಕು ವರ್ಷ ಒಗೆದು ಬಿಸಿಲಿಗೆ ಹಾಕಿದ ನೀಲಿ ಜೆರ್ಸಿಯಿಂದ ಹೆಸರು ಕಿತ್ತರೆ ಕೆಳಗೆ ಗಾಢ ನೀಲಿಯಲ್ಲಿ ಅದೇ ಹೆಸರು ಓದಲಿಕ್ಕೆ ಸಿಗುತ್ತದೆ. ಗಿರಾಕಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ, ಹೋದವನು ಬೆನ್ನ ಮೇಲೆ ಹಾಗೇ ಕೂತಿರುತ್ತಾನೆ. ಮೇಲೆ ಹೊಸ ಹೆಸರು ಹಾಕಿದರೆ ಮುಚ್ಚುತ್ತದೆ ಅನ್ನುತ್ತೀರಾ? ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಜೆರ್ಸಿ ತಂದವರು ಹತ್ತಕ್ಕೆ ಎಂಟು ಜನ ಕೇಳೋದು ಒಂದೇ, "ಛೆಟ್ರಿ 11 ಹಾಕಿ." ಛೆಟ್ರಿ 2013ರಲ್ಲೇ ಇಲ್ಲಿಗೆ ಬಂದವರು, ನಂಬಿಕೆಯ ಹೆಸರು, ಸರಿ. ಆದರೆ 11 ಅಂದರೆ ಎರಡು ಕಡ್ಡಿ. ಕೆಳಗೆ 22 ಇತ್ತು, 8 ಇತ್ತು ಅಂದರೆ ಎರಡು ಕಡ್ಡಿ ಎಷ್ಟು ಮುಚ್ಚೀತು? ಪ್ರಿಂಟರ್‌ಗೆ 11ರಷ್ಟು ಕೆಟ್ಟ ನಂಬರ್ ಇನ್ನೊಂದಿಲ್ಲ.

ಇಲ್ಲೇ ಎಲ್ಲರೂ ನನ್ನನ್ನು ನೋಡಿ ನಕ್ಕಿದ್ದು. ನಾನು ಯೋಚಿಸಿದ್ದು ಇಷ್ಟೇ: ಸುತ್ತಲಿನ ಬಟ್ಟೆಯನ್ನು ಮಾಸಿಸಿದ್ದು ಬಿಸಿಲು, ಹಾಗಾದರೆ ಅಕ್ಷರದ ಜಾಗವನ್ನೂ ಬಿಸಿಲೇ ಮಾಸಿಸಲಿ. ಹಾಳೆ ಕತ್ತರಿಸುವ ಪ್ಲಾಟರ್ ಮೆಷಿನ್‌ನಲ್ಲಿ ಅದೇ ಫಾಂಟು, ಅದೇ ಅಳತೆಯಲ್ಲಿ ದಪ್ಪ ಕಪ್ಪು ಹಾಳೆಯನ್ನು ಕತ್ತರಿಸಿದೆ, ಅಕ್ಷರದ ಜಾಗ ತೆರೆದು ಉಳಿದದ್ದೆಲ್ಲ ಮುಚ್ಚುವ ಹಾಗೆ. ಜೆರ್ಸಿಯನ್ನು ಮಣೆಗೆ ಬಿಗಿದು, ಮೇಲೆ ಹಾಳೆ ಕೂರಿಸಿ, ಟೆರೇಸ್ ಮೇಲೆ ಇಟ್ಟೆ. ಚಿಕ್ಕಪೇಟೆಯ ಹಿರಿಯ ಪ್ರಿಂಟರ್ ಒಬ್ಬರು ನೋಡಿ, "ಜೆರ್ಸಿನಾ, ಹಪ್ಪಳನಾ?" ಅಂದರು. ಮೊದಲ ಸಲ ಅಂಚು ಗೆರೆ ಹೊಡೆದ ಹಾಗೆ ಎದ್ದು ಕಂಡಿತು. ಹಾಳೆಯನ್ನು ಬಟ್ಟೆಗೆ ಅಂಟಿಸದೆ ಸ್ವಲ್ಪ ಮೇಲೆತ್ತಿ ಇಟ್ಟಾಗ ಅಂಚು ಮೆತ್ತಗಾಯಿತು. ಎಷ್ಟು ಎತ್ತರ ಅನ್ನೋದು ನನ್ನ ಹತ್ತಿರವೇ ಇರಲಿ. ಏಪ್ರಿಲ್ ಬಿಸಿಲಿನಲ್ಲಿ ಮೂರು ವಾರದ ಮೇಲೆ ಆ ಚಿಕ್ಕಪೇಟೆಯವರ ಕೈಗೇ ಜೆರ್ಸಿ ಕೊಟ್ಟು "ಇದರಲ್ಲಿ ಯಾರ ಹೆಸರಿತ್ತು ಹೇಳಿ ಸಾರ್" ಅಂದೆ. ತಿರುಗಿಸಿ ತಿರುಗಿಸಿ ನೋಡಿದರು. ಹೇಳೋಕೆ ಆಗಲಿಲ್ಲ. ಈಗ ಅವರ ಅಂಗಡಿಗೆ ಬರುವ ಇಂಥ ಕೆಲಸ ನನಗೇ ಬರುತ್ತದೆ.

ಎಲ್ಲದಕ್ಕೂ ಇದು ಆಗಲ್ಲ. ಒಳ್ಳೇ ಒರಿಜಿನಲ್ ಬಟ್ಟೆ ಅಷ್ಟು ಸುಲಭಕ್ಕೆ ಮಾಸುವುದೇ ಇಲ್ಲ, ಅದರಲ್ಲಿ ಕಾಣೋದು ಬಣ್ಣದ ನೆರಳಲ್ಲ, ಪ್ರೆಸ್ ಒತ್ತಿದ ಹೊಳಪು. ಅದಕ್ಕೆ ಸ್ಟೀಮ್ ಕೊಟ್ಟು ಮೆತ್ತನೆ ಬ್ರಷ್ ಆಡಿಸಿದರೆ ಸಾಕು. ಕಪ್ಪು ಬಟ್ಟೆ ಬಿಸಿಲಿಗೆ ಕೆಂಪಗಾಗಿ ಕೆಟ್ಟಿತು. ಇನ್ನೊಂದು ತಮಾಷೆ ನೋಡಿ, ಆಟಗಾರರ ಟ್ರಾನ್ಸ್‌ಫರ್ ಹೆಚ್ಚಾಗಿ ನಡೆಯೋದೇ ನಮ್ಮ ಮಳೆಗಾಲದಲ್ಲಿ. ಜುಲೈನಲ್ಲಿ ಬೆಂಗಳೂರಲ್ಲಿ ಬಿಸಿಲು ಎಲ್ಲಿಂದ ತರೋದು? ಸ್ಕ್ರೀನ್ ಪ್ರಿಂಟಿಂಗ್‌ನ ಎಕ್ಸ್‌ಪೋಸಿಂಗ್ ಬಾಕ್ಸ್ ಹಳೇದೊಂದು ಇತ್ತು, ಅದರ ಯುವಿ ಟ್ಯೂಬ್ ಕೆಳಗೆ ಇಟ್ಟು ನೋಡಿದೆ. ಮಾಸುತ್ತದೆ, ಆದರೆ ಆಮೆ ನಡಿಗೆ, ಕರೆಂಟ್ ಬಿಲ್ ಬೇರೆ. ಈಗ ನೆರಳಿನ ಕೆಲಸ ಇದ್ದರೆ ದಸರಾ ಆದಮೇಲೆ ಕೊಡುತ್ತೇನೆ ಅಂತ ಮೊದಲೇ ಹೇಳುತ್ತೇನೆ. ಒಪ್ಪುತ್ತಾರೆ.

ಯಾರ ಹೆಸರು ಜಾಸ್ತಿ ಬಂತು ಅಂತ ಎಲ್ಲರೂ ಕೇಳುತ್ತಾರೆ. 2023ರಲ್ಲಿ ನಮ್ಮ ಬಿಎಫ್‌ಸಿಯವರೇ ಸಾಲಾಗಿ ಹೋದರಲ್ಲ, ಉದಾಂತ ಸಿಂಗ್ ಮತ್ತು ಜಿಂಗನ್ ಗೋವಾಗೆ, ರಾಯ್ ಕೃಷ್ಣ ಒಡಿಶಾಗೆ, ಪ್ರಬೀರ್ ದಾಸ್ ನೇರ ಕೇರಳ ಬ್ಲಾಸ್ಟರ್ಸ್‌ಗೆ. ಅದೇ ವರ್ಷ ಮಾರ್ಚ್‌ನಲ್ಲಿ ಕಂಠೀರವದಲ್ಲಿ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲನ್ನು ಒಪ್ಪದೆ ಬ್ಲಾಸ್ಟರ್ಸ್‌ನವರು ಮೈದಾನ ಬಿಟ್ಟು ಎದ್ದು ಹೋಗಿದ್ದರು, ಗಾಯ ಹಸಿ ಇತ್ತು, ಹಾಗಾಗಿ ಪ್ರಬೀರ್ ಹೆಸರಿನ ಜೆರ್ಸಿ ರಾಶಿ ಬೀಳುತ್ತದೆ ಅಂದುಕೊಂಡು ಕೆಮಿಕಲ್ ತಂದಿಟ್ಟೆ. ಬಂದದ್ದು ಬೆರಳೆಣಿಕೆ. ಒಂದೇ ಸೀಸನ್ ಆಡಿದವನ ಹೆಸರು ಬೆನ್ನಿಗೆ ಹಾಕಿಸಿಕೊಂಡವರೇ ಕಡಿಮೆ. ಉದಾಂತ 2014ರಿಂದ ಇದ್ದವರು, ಅವರ ಜೆರ್ಸಿ ಬೇಕಾದಷ್ಟಿದೆ, ಆದರೆ ಅವರ ಮೇಲೆ ಯಾರಿಗೂ ಸಿಟ್ಟೇ ಇಲ್ಲ. ಎರಡೂ ಕಡೆಯಿಂದ ದುಡ್ಡು ಕೊಡಿಸಿದ ಹೆಸರು ಅಂದರೆ ಜಿಂಗನ್. 2020ರಲ್ಲಿ ಬಿಟ್ಟಾಗ ಬ್ಲಾಸ್ಟರ್ಸ್ 21ನೇ ನಂಬರನ್ನೇ ರಿಟೈರ್ ಮಾಡಿತ್ತು. 2022ರ ಫೆಬ್ರವರಿಯಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್ ಪರ ಬ್ಲಾಸ್ಟರ್ಸ್ ವಿರುದ್ಧ ಆಡಿದ ಮೇಲೆ ಹೆಂಗಸರ ಹೆಸರೆತ್ತಿ ಹಗುರವಾಗಿ ಮಾತಾಡಿ ಆಮೇಲೆ ಕ್ಷಮೆ ಕೇಳಿದ, ಅದೇ ವರ್ಷ ಬೆಂಗಳೂರಿಗೆ ಬಂದ. ಮಡಿವಾಳದ ಕಡೆಯ ಮಲಯಾಳಿ ಹುಡುಗರು ಹಳದಿ ಜೆರ್ಸಿ ತಂದರು, ಮುಂದಿನ ವರ್ಷ ನಮ್ಮವರು ನೀಲಿ ತಂದರು. ಒಂದೇ ಹೆಸರು, ಒಂದೇ ಮಣೆ. ಹಳದಿಯಲ್ಲಿ ನೀಲಿ ಅಕ್ಷರ ತನ್ನ ಬಣ್ಣವನ್ನೇ ಬಟ್ಟೆಗೆ ಬಿಟ್ಟಿರುತ್ತದೆ, ಪೂರ್ತಿ ಹೋಗಲ್ಲ. ಅದನ್ನು ಮೊದಲೇ ಹೇಳಿಯೇ ಮುಟ್ಟಿ.

ದೊಡ್ಡ ದುಡ್ಡು ಬಂದದ್ದು ಮಾತ್ರ 2025ರ ಮೇ ತಿಂಗಳಿಂದ, ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್‌ನಿಂದ. ಲಿವರ್‌ಪೂಲ್ ಬಿಡುತ್ತೇನೆ ಅಂತ 5ಕ್ಕೆ ಹೇಳಿದ, 11ಕ್ಕೆ ಆರ್ಸೆನಲ್ ಮ್ಯಾಚಿನಲ್ಲಿ ಆನ್‌ಫೀಲ್ಡ್‌ನಲ್ಲೇ ಅವನ ಸ್ವಂತ ಜನ ಬೂ ಅಂದರು. ಊರಿನ ಹುಡುಗ, ಪುಕ್ಕಟೆಯಾಗಿ ರಿಯಲ್ ಮ್ಯಾಡ್ರಿಡ್‌ಗೆ ಹೋಗುವ ಹಾಗೆ ಕಾಂಟ್ರಾಕ್ಟ್ ಮುಗಿಸಿದ, ಸಿಟ್ಟು ಅದಕ್ಕೆ. ಆಮೇಲೆ ಸ್ವಲ್ಪ ಬೇಗ ಬಿಡಿಸಿಕೊಳ್ಳಲು ಮ್ಯಾಡ್ರಿಡ್ ದುಡ್ಡು ಕೊಟ್ಟಿತು, ಅದು ಬೇರೆ. ನನ್ನ ಹತ್ತಿರ ಅಲ್ಲಿಂದ ಎರಡು ತಿಂಗಳಲ್ಲಿ ಎಪ್ಪತ್ತು ಎಂಬತ್ತು ಕೆಂಪು ಜೆರ್ಸಿ ಬಂದಿರಬಹುದು. ಹೆಸರು ಉದ್ದ, 66 ಎರಡೂ ದುಂಡು ಅಂಕಿ, ಕೆಲಸ ಜಾಸ್ತಿ, ರೇಟೂ ಜಾಸ್ತಿ ಮಾಡಿದೆ. ಕೆಂಪು ಪಾಲಿಯೆಸ್ಟರ್ ಮೇಲೆ ಮತ್ತೆ ಬಿಳಿ ಹಾಕುವಾಗ ಬಟ್ಟೆಯ ಬಣ್ಣ ಮೇಲೇರದಂತೆ ತಡೆಯುವ ಬ್ಲಾಕೌಟ್ ವಿನೈಲೇ ಬಳಸಿ, ಇಲ್ಲದಿದ್ದರೆ ವಾರದೊಳಗೆ ಬಿಳಿ ಗುಲಾಬಿಯಾಗುತ್ತದೆ. ಒಬ್ಬ ಹುಡುಗ ಹಟ ಮಾಡಿ ಅದೇ ಜಾಗಕ್ಕೆ ಬ್ರ್ಯಾಡ್ಲಿ 84 ಹಾಕಿಸಿಕೊಂಡ. ಬೇಸಿಗೆ ಕಳೆಯುವಷ್ಟರಲ್ಲಿ ಬ್ರ್ಯಾಡ್ಲಿ 12ಕ್ಕೆ ಬದಲಾದ. ಹುಡುಗ ಮತ್ತೆ ಬಂದ. ಅರ್ಧ ರೇಟ್ ತಗೊಂಡೆ.

ಸುಮ್ನೆ ಕುತೂಹಲಕ್ಕೆ ಮಾಡಿದ್ದೂ ಇದೆ. ಹೆಸರನ್ನು ವೆಲ್ಕ್ರೋ ಪಟ್ಟಿಯ ಮೇಲೆ ಹಾಕಿ, ಆಟಗಾರ ಹೋದರೆ ಪಟ್ಟಿ ಬದಲಾಯಿಸಿ ಅಂತ ಮಾರಿದೆ. ಕುರ್ಚಿಗೆ ಒರಗಿದರೆ ಚುಚ್ಚುತ್ತದೆ, ವಾಷಿಂಗ್ ಮೆಷಿನ್‌ನಲ್ಲಿ ಬೇರೆ ಬಟ್ಟೆಯ ನೂಲು ಎಳೆಯುತ್ತದೆ. ಹತ್ತು ಹದಿನೈದಕ್ಕೆ ನಿಂತಿತು. ಇನ್ನೊಬ್ಬರು ಹೆಸರು ಕಿತ್ತ ಜಾಗಕ್ಕೆ ಕನ್ನಡದಲ್ಲಿ "ನಂಬಿಕೆದ್ರೋಹಿ" ಅಂತ ಹಾಕಿ ಅಂದರು. ಹಾಕಿದೆ. ಆದರೆ ಒತ್ತಕ್ಷರ ಇದೆಯಲ್ಲ, ವೀಡಿಂಗ್ ಮಾಡುವಾಗ (ಕತ್ತರಿಸಿದ ಮೇಲೆ ಬೇಡದ ವಿನೈಲ್ ಕೀಳುವಾಗ) ಆ ಚಿಕ್ಕ ತುಂಡು ಪ್ರತಿ ಸಲ ಕಸದ ಜೊತೆ ಎದ್ದು ಬರುತ್ತಿತ್ತು. ಕೊನೆಗೆ ಫಾಂಟಿನಲ್ಲಿ ಒತ್ತನ್ನು ಮೇಲಿನ ಅಕ್ಷರಕ್ಕೆ ತಾಗಿಸಿ ಒಂದೇ ತುಂಡು ಮಾಡಿದೆ. ಈಗ ಕನ್ನಡ ಹೆಸರಿನ ಆರ್ಡರ್ ಬೇರೆ ಬರುತ್ತಿದೆ, ಸಿಟ್ಟಿನದ್ದಲ್ಲ, ಪ್ರೀತಿಯದ್ದು.

ಕಿತ್ತ ಅಕ್ಷರಗಳನ್ನು ಬಿಸಾಡಬೇಡಿ, ಚೆನ್ನಾಗಿ ಎದ್ದು ಬಂದಿದ್ದರೆ ಸಿಲಿಕಾನ್ ಪೇಪರ್ ಮೇಲೆ ಇಟ್ಟುಕೊಳ್ಳಿ. ರಾಹುಲ್ ಭೇಕೆ ಗೊತ್ತಲ್ಲ, 2019ರ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಗೋವಾ ವಿರುದ್ಧ ಎಕ್ಸ್‌ಟ್ರಾ ಟೈಮ್‌ನಲ್ಲಿ ಹೆಡ್ ಮಾಡಿ ನಮಗೆ ಕಪ್ ಕೊಡಿಸಿದವರು. 2021ರಲ್ಲಿ ಮುಂಬೈ ಸಿಟಿಗೆ ಹೋದರು, ಒಬ್ಬರು ಬಂದು ಹೆಸರು ತೆಗೆಸಿಕೊಂಡು ಹೋದರು. 2024ರಲ್ಲಿ ಭೇಕೆ ವಾಪಸ್ ಬಂದರು. ಅದೇ ಗಿರಾಕಿ ಅದೇ ಜೆರ್ಸಿ ಹಿಡಿದು, "ಅಣ್ಣ, ಬೈಬೇಡಿ" ಅಂತ ಶುರು ಮಾಡಿದರು. ಅವರ ಹಳೇ ಅಕ್ಷರ ನನ್ನ ಡ್ರಾಯರ್‌ನಲ್ಲೇ ಇತ್ತು. ಹಿಂದೆ ಹೊಸ ಅಂಟಿನ ಹಾಳೆ ಕೊಟ್ಟು ಅದನ್ನೇ ಕೂರಿಸಿದೆ. ಐನೂರು ಕೇಳಿದೆ, ಮಾತಾಡದೆ ಕೊಟ್ಟರು.

ಈಗಿನ ರೇಟ್: ಹೆಸರು ಮಾತ್ರ ಇನ್ನೂರೈವತ್ತು, ನಂಬರ್ ಸೇರಿ ನಾನೂರು, ನೆರಳು ತೆಗೆಯೋದಾದರೆ ಆರುನೂರರಿಂದ ಮೇಲೆ. ಸಬ್ಲಿಮೇಷನ್ ತಂದರೆ ವಾಪಸ್, ಅದು ನೂಲಿಗೇ ಇಳಿದ ಬಣ್ಣ, ಅದಕ್ಕೆ ತೇಪೆ ಹಾಕಬೇಕಷ್ಟೇ. ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತುವುದು) ಕೂಡ ಸದ್ಯಕ್ಕೆ ತಗೊಳ್ಳಲ್ಲ. ಪುಡಿ ಪುಡಿಯಾಗಿ ಉದುರುತ್ತದೆ, ಬಿಳಿ ಅಂಟು ನೇಯ್ಗೆಯೊಳಗೆ ಕೂತು ಏಳಲ್ಲ. ಯಾರಿಗಾದರೂ ಅದರಲ್ಲಿ ದಾರಿ ಸಿಕ್ಕಿದ್ದರೆ ಹೇಳಿ, ಮೊದಲ ಮೂಲೆ ಎಬ್ಬಿಸೋದನ್ನು ನಾನು ಬದಲಿಗೆ ಹೇಳಿಕೊಡುತ್ತೇನೆ.